ಎಚ್‌ಟಿಬಿಯೋ, ಕೇಕೋ? ಒಂದೇ ಲೈನನ್ನು ಎರಡು ಮನೆಗೆ ಹಂಚಿ ನೋಡಿದ್ದು

40 ಎಂಬಿಪಿಎಸ್ ಫೈಬರ್ ಲೈನು ಒಂದೇ. ಕೆಳಗೆ ನಾವು, ಮೇಲೆ ಬಾಡಿಗೆಯವರು, ಬಿಲ್ ಅರ್ಧ ಅರ್ಧ. ಹಳೇ ಪಿಸಿಗೆ ಡೆಬಿಯನ್ (ಒಂದು ಬಗೆಯ ಲಿನಕ್ಸ್) ಹಾಕಿ ರೂಟರ್ ಮಾಡಿಕೊಂಡಿದ್ದೇನೆ. ಯಾರಾದರೂ ಫೋಟೋ ಬ್ಯಾಕಪ್‌ಗೆ ಹಾಕಿದರೆ ಸಾಕು, ಪಿಂಗ್ (ಪ್ಯಾಕೆಟ್ ಹೋಗಿ ಉತ್ತರ ಬರುವ ಸಮಯ) 300 ಮಿಲಿಸೆಕೆಂಡ್ ದಾಟಿ ಮೀಟಿಂಗ್‌ನಲ್ಲಿ ಮಾತು ತುಂಡು ತುಂಡಾಗುತ್ತಿತ್ತು. ಲಿನಕ್ಸ್‌ನಲ್ಲಿ ಟ್ರಾಫಿಕ್ ಹತೋಟಿಗೆ ಟಿಸಿ ಅನ್ನೋ ಸಾಧನ ಇದೆ. ಲೈನ್ ಹಂಚಿ ಕ್ಯೂ ನಿಭಾಯಿಸೋದಕ್ಕೆ ಅದರಲ್ಲಿ ಹಳೆಯ ವಿಧಾನ ಎಚ್‌ಟಿಬಿ ಇದೆ, 2018ರಲ್ಲಿ 4.19 ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆ ಬಂದ ಕೇಕ್ ಇದೆ.

ಯಾವುದನ್ನೇ ಹಾಕಿ, ವೇಗ ಮಾತ್ರ ಲೈನಿಗಿಂತ ಸ್ವಲ್ಪ ಕಡಿಮೆ ಇಡಿ. ನಾನು 36 ಇಟ್ಟೆ. ಇಲ್ಲದಿದ್ದರೆ ಪ್ಯಾಕೆಟ್‌ಗಳ ಕ್ಯೂ ಬೆಳೆಯೋದು ನಮ್ಮ ರೂಟರ್‌ನಲ್ಲಲ್ಲ, ಫೈಬರ್ ಡಬ್ಬಿಯಲ್ಲಿ. ಅಲ್ಲಿ ನಮ್ಮ ಮಾತು ನಡೆಯಲ್ಲ.

ಎಚ್‌ಟಿಬಿಯಲ್ಲಿ ಮನೆಗೊಂದು ಕ್ಲಾಸ್ (ಟ್ರಾಫಿಕ್ ಗುಂಪು) ಮಾಡಬೇಕು. ಅದರ 'ರೇಟ್' ಅಂದರೆ ಖಾತ್ರಿ ಪಾಲು, 'ಸೀಲ್' ಅಂದರೆ ಮೇಲ್ಮಿತಿ. ಎರಡೂ ಮನೆಗೆ ರೇಟ್ 18, ಸೀಲ್ 36 ಕೊಟ್ಟೆ. ಮೇಲಿನವರು ಊರಿಗೆ ಹೋದರೆ ಅವರ ಪಾಲು ನಮಗೆ ಸಾಲವಾಗಿ ಸಿಗುತ್ತದೆ, ಬಂದ ಕೂಡಲೇ ವಾಪಸ್. ಟಿಸಿಯ ಲೆಕ್ಕದಲ್ಲಿ 'ಬಾರೋಡ್' (ಸಾಲ ಪಡೆದದ್ದು) ಅನ್ನೋ ಅಂಕಿ ಏರುವುದನ್ನು ನೋಡೋದೇ ಒಂದು ಮಜಾ. ಆದರೆ ಕೈಕೆಲಸ ಜಾಸ್ತಿ. ಅಪ್‌ಲೋಡ್ ದಿಕ್ಕಿನಲ್ಲಿ ನ್ಯಾಟ್ (ಒಳಗಿನ ಐಪಿ ವಿಳಾಸಗಳನ್ನು ಹೊರಗಿನ ಒಂದೇ ವಿಳಾಸಕ್ಕೆ ಬದಲಿಸೋದು) ಆದ ಮೇಲೆ ಎಲ್ಲ ಪ್ಯಾಕೆಟ್‌ಗೂ ಒಂದೇ ಐಪಿ. ಅದಕ್ಕೇ ಮೊದಲೇ ಲಿನಕ್ಸ್‌ನ ಫೈರ್‌ವಾಲ್ ಎನ್‌ಎಫ್‌ಟೇಬಲ್ಸ್‌ನಲ್ಲಿ ಮಾರ್ಕ್ ಹಾಕಿ ಯಾವ ಮನೆಯದು ಅಂತ ಗುರುತಿಸಬೇಕು. ಡೀಫಾಲ್ಟ್ ಕ್ಲಾಸ್ ಹೇಳದಿದ್ದರೆ, ಎಲ್ಲಿಗೂ ಸೇರದ ಟ್ರಾಫಿಕ್ ಮಿತಿಯೇ ಇಲ್ಲದೆ ನುಗ್ಗುತ್ತದೆ. ಇಷ್ಟಾದರೂ ಬರೀ ಎಚ್‌ಟಿಬಿಯಿಂದ ಪಿಂಗ್ ಇಳಿಯಲಿಲ್ಲ. ಪ್ರತಿ ಕ್ಲಾಸಿನ ಕೆಳಗೂ ಎಫ್‌ಕ್ಯೂ-ಕೋಡೆಲ್ (ಕ್ಯೂ ಉದ್ದವಾಗದಂತೆ ನೋಡಿಕೊಳ್ಳುವ ವಿಧಾನ) ಕೂರಿಸಿದ ಮೇಲೆಯೇ ಮೀಟಿಂಗ್ ಸರಿಹೋಯಿತು.

ಕೇಕ್‌ಗೆ ಅಪ್‌ಲೋಡ್ ದಿಕ್ಕಿನಲ್ಲಿ ಒಂದೇ ಸಾಲು ಸಾಕು: ಬ್ಯಾಂಡ್‌ವಿಡ್ತ್ 36 ಎಂಬಿಟ್, ನ್ಯಾಟ್, ಡ್ಯುಯಲ್-ಎಸ್‌ಆರ್‌ಸಿಹೋಸ್ಟ್ (ಕಳಿಸುವ ಯಂತ್ರ ನೋಡಿ ಹಂಚು). ಮಾರ್ಕೂ ಬೇಡ, ಕ್ಲಾಸೂ ಬೇಡ. 'ನ್ಯಾಟ್' ಅಂದಿದ್ದಕ್ಕೆ ಅದು ಒಳಗಿನ ಐಪಿಯನ್ನೇ ನೋಡುತ್ತದೆ. ಡೌನ್‌ಲೋಡ್‌ಗೆ ಲ್ಯಾನ್ ಕಾರ್ಡ್ ಮೇಲೆ ಡ್ಯುಯಲ್-ಡಿಎಸ್‌ಟಿಹೋಸ್ಟ್ (ಪಡೆಯುವ ಯಂತ್ರ ನೋಡಿ ಹಂಚು) ಹಾಕಿ ಇನ್ನೊಂದು ಕೇಕ್. ನನಗೆ ಇಷ್ಟವಾಗಿದ್ದು ಇದರ ಹಂಚಿಕೆ. ಎಫ್‌ಕ್ಯೂ-ಕೋಡೆಲ್ ಪಾಲು ಹಾಕೋದು ಕನೆಕ್ಷನ್ ಎಣಿಸಿ. ಹಾಗಾಗಿ 40 ಕನೆಕ್ಷನ್ ತೆರೆದ ಟೊರೆಂಟ್ ಮುಂದೆ ಒಂದೇ ಕನೆಕ್ಷನ್‌ನ ಡೌನ್‌ಲೋಡ್ ಬಡವಾಗುತ್ತದೆ. ಕೇಕ್ ಮೊದಲು ಯಂತ್ರಗಳ ನಡುವೆ ಸಮ ಮಾಡುತ್ತದೆ, ಆಮೇಲೆ ಅವುಗಳ ಕನೆಕ್ಷನ್‌ಗಳ ನಡುವೆ.

ತೊಡಕು ಇರೋದೂ ಅಲ್ಲೇ. ಕೇಕ್‌ಗೆ ಮನೆ ಅನ್ನೋದು ಗೊತ್ತಿಲ್ಲ, ಐಪಿ ಮಾತ್ರ ಗೊತ್ತು. ಮೇಲೆ ಆರು ಫೋನ್ ಓಡುತ್ತಿದ್ದು ಕೆಳಗೆ ಎರಡಿದ್ದರೆ, ಲೈನಿನ ಮುಕ್ಕಾಲು ಪಾಲು ಮೇಲಕ್ಕೆ ಹೋಗುತ್ತದೆ. ಬಿಲ್ ಅರ್ಧ ಕೊಟ್ಟವರಿಗೆ ಇದು ನ್ಯಾಯ ಅನ್ನಿಸುತ್ತಾ?

ಒಂದೇ ಕುಟುಂಬ ಆಗಿದ್ದರೆ ಸುಮ್ನೆ ಕೇಕ್ ಹಾಕಿ. ಪುಟ್ಟ ಹಳೇ ರೂಟರ್‌ಗಳಲ್ಲಿ ಮಾತ್ರ ಸಿಪಿಯು ಸುಸ್ತಾಗುತ್ತದೆ, ನೋಡಿಕೊಳ್ಳಿ. ನಾನೀಗ ಎಚ್‌ಟಿಬಿಯ ಎರಡು ಕ್ಲಾಸ್ ಹಾಗೇ ಇಟ್ಟು, ಎಫ್‌ಕ್ಯೂ-ಕೋಡೆಲ್ ಜಾಗದಲ್ಲಿ ಒಂದೊಂದು ಕೇಕ್ ಕೂರಿಸಿದ್ದೇನೆ. ಮಿತಿ ಎಚ್‌ಟಿಬಿಯೇ ನೋಡಿಕೊಳ್ಳುವುದರಿಂದ ಆ ಕೇಕ್‌ಗಳಿಗೆ 'ಅನ್‌ಲಿಮಿಟೆಡ್' ಅಂತ ಹೇಳಿದರಾಯಿತು. ಸಣ್ಣ ಇಂಟರ್ನೆಟ್ ಕಂಪನಿಗಳಿಗೆಂದೇ ಇರುವ ಲಿಬ್ರೆಕ್ಯೂಒಎಸ್ ಕೂಡ ಗ್ರಾಹಕರಿಗೆ ಹಂಚೋದು ಇದೇ ಜೋಡಿಯಿಂದ.