ಭಾಗವತರ ಮಾತು ಹಿಡಿಯಲು ಕೊಂಡ ರೆಕಾರ್ಡರ್: ಆರು ಮಳೆಗಾಲದ ಬಳಕೆಯ ನಂತರ

ಈ ಯಂತ್ರವನ್ನು ನಾನು ಕೊಂಡದ್ದು ಹಾಡು ಹಿಡಿಯಲು ಅಲ್ಲ, ಹಾಡುವವರ ಮಾತು ಹಿಡಿಯಲು. 2019ರ ಅಕ್ಟೋಬರ್ 11ರಂದು ಸ್ಯಾಕ್ಸೋಫೋನ್ ವಾದಕ ಕದ್ರಿ ಗೋಪಾಲನಾಥರು ತೀರಿಕೊಂಡರು. ಸಜಿಪದ ನಾಗಸ್ವರ ವಾದಕರ ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದದ್ದು, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದ್ದು, ಎಲ್ಲವೂ ಎಷ್ಟೋ ಕಡೆ ದಾಖಲಾಗಿದೆ. ಆದರೆ ಅವರನ್ನು ನೋಡಿ ಅದೇ ವಾದ್ಯ ಹಿಡಿದು ನಮ್ಮ ದೇವಸ್ಥಾನಗಳಲ್ಲಿ, ಮದುವೆಗಳಲ್ಲಿ ನುಡಿಸುತ್ತಿರುವವರ ಬದುಕಿನ ಕಥೆ? ಯಕ್ಷಗಾನ ಮೇಳದ ಭಾಗವತರ, ಅಂದರೆ ಹಾಡುಗಾರರ, ಚೆಂಡೆ, ಮದ್ದಳೆಯವರ ಕಥೆ? ಅದು ಅವರದೇ ದನಿಯಲ್ಲಿ ಉಳಿಯಬೇಕು ಅನ್ನಿಸಿತು. ಮರುತಿಂಗಳೇ ಸುಮಾರು ಒಂಬತ್ತು ಸಾವಿರ ರೂಪಾಯಿ ಕೊಟ್ಟು ಇದನ್ನು ತಂದೆ.

ಅಂಗೈಯಗಲದ ಪ್ಲಾಸ್ಟಿಕ್ ಯಂತ್ರ. ತಲೆಯ ಮೇಲೆ ಒಂದಕ್ಕೊಂದು ಅಡ್ಡವಾಗಿ ಕೂರಿಸಿದ ಎರಡು ಮೈಕ್, ಎರಡು ಸಣ್ಣ ಬ್ಯಾಟರಿ, 32 ಜಿಬಿ ಕಾರ್ಡ್. ಕಂಪನಿಯ ಹೆಸರು ಬರೆಯುವುದಿಲ್ಲ. ಮುಂದೆ ಹೇಳುವ ಗುಣದೋಷಗಳು ಈ ಬಗೆಯ ಹಲವು ಯಂತ್ರಗಳಿಗೆ ಸಲ್ಲುತ್ತವೆ.

ಇದರ ಅತಿ ದೊಡ್ಡ ಗುಣ ಧ್ವನಿಯ ಶುದ್ಧತೆಯಲ್ಲ, ತಾಳ್ಮೆ. 24 ಬಿಟ್, 48 ಕಿಲೋಹರ್ಟ್ಜ್ ಗುಣಮಟ್ಟದ ಧ್ವನಿಮುದ್ರಣದಲ್ಲಿ ಒಂದು ಗಂಟೆಗೆ ಸುಮಾರು 1 ಜಿಬಿ ಬೇಕು. ಕಾರ್ಡಿನಲ್ಲಿ ಹೆಚ್ಚುಕಡಿಮೆ ಮೂವತ್ತು ಗಂಟೆ ಹಿಡಿಸುತ್ತದೆ. ಇದು ಯಾಕೆ ಮುಖ್ಯವೆಂದರೆ, ಕಲಾವಿದರ ನಿಜವಾದ ಮಾತು ಮೊದಲ ಗಂಟೆಯಲ್ಲಿ ಬರುವುದೇ ಇಲ್ಲ. ಆಗ ಬರುವುದು ಗುರುಗಳ ಹೆಸರು, ತಿರುಗಾಟ ಮಾಡಿದ ಮೇಳಗಳ ಪಟ್ಟಿ, ಸನ್ಮಾನಗಳ ಪಟ್ಟಿ. ಕಾಫಿ ಮುಗಿದು, ಲೋಟ ಕೆಳಗಿಟ್ಟು, ಯಂತ್ರವನ್ನು ಮರೆತ ಮೇಲೆ ದನಿ ತಗ್ಗುತ್ತದೆ. ಕುಂದಾಪುರದ ಕಡೆಯ ಹಿರಿಯ ಮದ್ದಳೆಗಾರರೊಬ್ಬರು ಎರಡನೆಯ ಗಂಟೆಯ ಕೊನೆಗೆ ತಮ್ಮ ಬೆರಳು ತೋರಿಸಿದರು. ಮಳೆಗಾಲದಲ್ಲಿ ದಡ್ಡು ಮೆತ್ತಗಾಗುತ್ತದೆ, ದೀಪಾವಳಿ ಕಳೆದು ಮೇಳ ಹೊರಟ ಮೊದಲ ವಾರ ಚರ್ಮ ಮತ್ತೆ ಒಡೆಯುತ್ತದೆ ಎಂದರು. ನಲವತ್ತು ವರ್ಷ, ಪ್ರತಿ ವರ್ಷ. ಮೇಳವಿಲ್ಲದ ತಿಂಗಳುಗಳಲ್ಲಿ ಮುಂಬೈಯ ಹೋಟೆಲೊಂದರಲ್ಲಿ ದುಡಿದದ್ದನ್ನು ಅವರು ಹೇಳಿದ್ದು ಅದಾದ ಮೇಲೆ. ನಾನು ಪ್ರಶ್ನೆ ಕೇಳಿರಲಿಲ್ಲ, ಸುಮ್ಮನೆ ಕೂತಿದ್ದೆ.

ಮೊಬೈಲ್ ಸಾಲದೇ ಎಂದು ಕೇಳುವವರಿದ್ದಾರೆ. ನನಗೆ ಸಾಲಲಿಲ್ಲ. ನಡುವೆ ಕರೆ ಬರುವುದು ಒಂದು ಕಾಟ. ಅದಕ್ಕಿಂತ ದೊಡ್ಡದು, ಗದ್ದಲ ತಗ್ಗಿಸುವ ಮೊಬೈಲಿನ ಏರ್ಪಾಡು ಒಂದೇ ಸಮನೆ ಕೇಳುವ ಸದ್ದನ್ನು ಗದ್ದಲವೆಂದೇ ಎಣಿಸುತ್ತದೆ. ಹಿನ್ನೆಲೆಯಲ್ಲಿ ಶ್ರುತಿಪೆಟ್ಟಿಗೆ ಇಟ್ಟುಕೊಂಡೇ ಮಾತನಾಡುವ ಭಾಗವತರ ಮನೆಯಲ್ಲಿ ಶ್ರುತಿ ಮಾಯವಾಗಿ ಬರಿಯ ಮಾತು ಉಳಿದಿತ್ತು. ಶ್ರುತಿಯಿಲ್ಲದೆ ಆ ಮಾತಿಗೆ ಮನೆಯೇ ಇಲ್ಲದಂತಾಗಿತ್ತು.

ಕೊಂಡವರು ಮೊದಲು ಮಾಡಬೇಕಾದ ಕೆಲಸ, ಧ್ವನಿಮಟ್ಟವನ್ನು ತಾನೇ ಹೊಂದಿಸಿಕೊಳ್ಳುವ ಸೌಲಭ್ಯವನ್ನು ಬಂದ್ ಮಾಡುವುದು. ಭಾಗವತರು ಪಿಸುಮಾತಿನಲ್ಲಿ ಏನೋ ಹೇಳುತ್ತಾ, ‘ಹೀಗೆ’ ಎಂದು ತಟ್ಟನೆ ಏರುಶ್ರುತಿಯಲ್ಲಿ ಪದ್ಯ ಎತ್ತಿಬಿಡುತ್ತಾರೆ. ಯಂತ್ರ ಗಾಬರಿಯಾದಂತೆ ಮಟ್ಟ ಇಳಿಸುತ್ತದೆ; ಅವರು ಮೌನವಾದಾಗ ಮತ್ತೆ ಏರಿಸಿ ಫ್ಯಾನಿನ ಸದ್ದನ್ನು ಎತ್ತಿ ತರುತ್ತದೆ. ಮೌನವೇ ಹಾಳು. ನಾನು ಮಾತಿನ ಏರುಗಳು ಮೈನಸ್ 18 ಡೆಸಿಬೆಲ್ ಸುತ್ತ, ಅಂದರೆ ಯಂತ್ರ ತಾಳುವ ಗರಿಷ್ಠ ಮಟ್ಟವಾದ ಸೊನ್ನೆಗಿಂತ ಸಾಕಷ್ಟು ಕೆಳಗೆ, ಬರುವಂತೆ ಕೈಯಿಂದ ಹೊಂದಿಸುತ್ತೇನೆ. 24 ಬಿಟ್‌ನಲ್ಲಿ ಆಮೇಲೆ ಏರಿಸಿಕೊಳ್ಳಬಹುದು. ಮಟ್ಟ ಮೀರಿ ಒಡೆದ ಸದ್ದನ್ನು ಮಾತ್ರ ಸರಿಪಡಿಸಲಾಗದು. ಚೆಂಡೆಯನ್ನು ಚಾವಡಿಯೊಳಗೆ ಬಾರಿಸಿ ತೋರಿಸುತ್ತೇನೆಂದರೆ ಯಂತ್ರ ಎತ್ತಿಕೊಂಡು ದೂರ ಹೋಗಿ ಕುಳಿತುಕೊಳ್ಳಿ. ಈಗ ಬರುತ್ತಿರುವ 32 ಬಿಟ್ ಫ್ಲೋಟ್ ಯಂತ್ರಗಳಲ್ಲಿ ಈ ಚಿಂತೆ ಬಹಳ ಕಡಿಮೆ. ಹೊಸದಾಗಿ ಕೊಳ್ಳುವವರು ಅದನ್ನೇ ನೋಡುವುದು ಒಳ್ಳೆಯದು.

ಯಂತ್ರದ ಕೆಳಗೆ ಮಡಚಿದ ಬೈರಾಸು (ಟವೆಲ್) ಹಾಸಿ. ಮೇಜಿನ ಮೇಲೆ ಲೋಟ ಇಟ್ಟ ಸದ್ದು ಗುಡುಗಿನಂತೆ ಬರುವುದಿಲ್ಲ.

ನಮ್ಮ ಊರಿನ ತೊಡಕು ಬೇರೆಯೇ ಇದೆ. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ, ಕಲಾವಿದರು ಮನೆಯಲ್ಲಿ ಸಿಗುವುದು ಆಮೇಲೆ. ಅದರ ಬೆನ್ನಿಗೇ ಮಳೆ. ಹಂಚಿನ ಮಾಡಾದರೆ ಮಳೆಯ ಸದ್ದು ಮಾತಿನ ಹಿಂದೆ ನಿಲ್ಲುತ್ತದೆ, ತಗಡಿನ ಮಾಡಾದರೆ ಮಾತನ್ನೇ ನುಂಗುತ್ತದೆ. ಕಡಿಮೆ ಕಂಪನಾಂಕಗಳನ್ನು ಕತ್ತರಿಸುವ ಸೌಲಭ್ಯ ಫ್ಯಾನಿನ ಗುಂಯ್‌ಗುಡುವಿಕೆಗೆ ನೆರವಾಯಿತೇ ಹೊರತು ಮಳೆಗೆ ಏನೂ ಮಾಡಲಿಲ್ಲ. ಯಂತ್ರವನ್ನು ಮಾತನಾಡುವವರ ಬಾಯಿಗೆ ಹತ್ತಿರ ಸರಿಸುವುದೊಂದೇ ದಾರಿ. ದೂರ ಅರ್ಧವಾದರೆ ಮಾತು ಸುಮಾರು 6 ಡೆಸಿಬೆಲ್ ಮೇಲೇಳುತ್ತದೆ, ಮಳೆ ಇದ್ದಲ್ಲೇ ಇರುತ್ತದೆ. ಇನ್ನು ತೇವ: ಮೊದಲ ವರ್ಷವೇ ಬ್ಯಾಟರಿ ಸೋರಿ ತಂತಿಸುರುಳಿಗೆ ಹಸಿರು ಕಟ್ಟಿತು, ಚೀಲಕ್ಕೆ ಬೂಷ್ಟು ಹಿಡಿಯಿತು. ಈಗ ಬ್ಯಾಟರಿ ತೆಗೆದು, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಪೊಟ್ಟಣದೊಂದಿಗೆ ಇಡುತ್ತೇನೆ.

ಕ್ಷಮಿಸಲಾಗದ ದೋಷ ಒಂದಿದೆ. ನಿಲ್ಲಿಸುವ ಗುಂಡಿ ಒತ್ತುವ ಮೊದಲೇ ವಿದ್ಯುತ್ ತಪ್ಪಿದರೆ ಫೈಲ್ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. 2022ರ ಜುಲೈಯಲ್ಲಿ ಸ್ಯಾಕ್ಸೋಫೋನ್ ವಾದಕರೊಬ್ಬರು ಗಮಕವನ್ನು ಕೀಲಿಯಿಂದಲ್ಲ, ತುಟಿಯ ಬಿಗಿಯಿಂದ ಹೊರಡಿಸುವ ಬಗೆಯನ್ನು ನುಡಿಸಿ ನುಡಿಸಿ ವಿವರಿಸುತ್ತಿದ್ದರು. ಬ್ಯಾಟರಿಯ ಮುಚ್ಚಳ ಸಡಿಲವಾಗಿ ಯಂತ್ರ ಆರಿಹೋಯಿತು. ಕಾರ್ಡಿನಲ್ಲಿ ಸೊನ್ನೆ ಗಾತ್ರದ ಫೈಲ್. ಮೇಲೆ ಹೊಸದೇನನ್ನೂ ಬರೆಯದೆ ಕಾರ್ಡನ್ನು ತಿಳಿದವರಿಗೆ ಕೊಟ್ಟದ್ದರಿಂದ ಎರಡು ಗಂಟೆಯಲ್ಲಿ ಮುಕ್ಕಾಲು ಭಾಗ ಮರಳಿ ಸಿಕ್ಕಿತು. ತುಟಿಯ ವಿವರಣೆ ಸಿಗಲಿಲ್ಲ. ಮತ್ತೆ ಹೋಗಿ ಕೇಳಿದೆ. ಅವರು ಪ್ರೀತಿಯಿಂದ ಹೇಳಿದರು, ಆದರೆ ಅದು ಪಾಠದಂತಿತ್ತು. ಮೊದಲ ಸಲದ ತಡವರಿಕೆ, ನಡುವೆ ತಾವೇ ನಕ್ಕದ್ದು ಹೋದದ್ದು ಹೋಯಿತು. ಅಂದಿನಿಂದ ಹೊರಗಿನ ಪವರ್ ಬ್ಯಾಂಕ್‌ನಿಂದಲೇ ವಿದ್ಯುತ್ ಕೊಡುತ್ತೇನೆ, ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡುತ್ತೇನೆ.

ಗುಂಡಿ ಒತ್ತುವುದನ್ನು ಯಾವಾಗಲೂ ಅವರೆದುರೇ ಮಾಡಿ. ಮೇಳದ ಯಜಮಾನರ ಜೊತೆಗಿನ ಸಂಬಳದ ಜಗಳವನ್ನು ಹೇಳಿದ ಒಬ್ಬರು ಮರುದಿನ ಫೋನ್ ಮಾಡಿ, ‘ಮಾಸ್ಟ್ರೇ, ಅಷ್ಟನ್ನು ತೆಗೆದುಬಿಡಿ’ ಎಂದರು. ತೆಗೆದೆ. ಅವರ ಬದುಕು, ಅವರ ಮಾತು.

ಯಂತ್ರದೊಳಗಿನ ಸ್ಪೀಕರ್ ಯಾವುದಕ್ಕೂ ಬಾರದು. ಪರದೆ ಬಿಸಿಲಿನಲ್ಲಿ ಕಾಣದು. ಮುಚ್ಚಳಕ್ಕೆ ಈಗ ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಇಷ್ಟಿದ್ದೂ ಇದೇ ಬೆಲೆಗೆ ಇದನ್ನೇ ಮತ್ತೆ ಕೊಳ್ಳುತ್ತೇನೆಯೇ ಎಂದರೆ, ಮುಚ್ಚಳ ಗಟ್ಟಿಯಿರುವ ಯಂತ್ರ ಸಿಕ್ಕರೆ ಅದನ್ನು ಕೊಳ್ಳುತ್ತೇನೆ, ಸಿಗದಿದ್ದರೆ ಇದನ್ನೇ. ಈ ಪತ್ತನಾಜೆಯ ನಂತರ ಕಾರ್ಕಳದ ಕಡೆ ಮೂವರು ಚೆಂಡೆಯವರು ಬರಹೇಳಿದ್ದಾರೆ. ಅವರಲ್ಲಿ ಒಬ್ಬರ ಮನೆಗೆ ತಗಡಿನ ಮಾಡು. ಅಲ್ಲಿಗೆ ಮಳೆ ಹಿಡಿಯುವ ಮೊದಲೇ ಹೋಗಬೇಕು.