ಮನೆಗೆ ಯಾವ ಸ್ಮಾರ್ಟ್ ಕಾರ್ ಚಾರ್ಜರ್? ಮೂರನ್ನೂ ಬಳಸಿ ನೋಡಿದ್ದೇನೆ

ಎರಡು ವರ್ಷದಲ್ಲಿ ಒಂದೇ ಕಾರನ್ನು ಮೂರು ಬೇರೆ ಬೇರೆ ಸಾಧನಗಳಲ್ಲಿ ಚಾರ್ಜ್ ಮಾಡಿದ್ದೇನೆ. ಮೊದಲನೆಯದು ಕಾರಿನ ಜೊತೆಗೇ ಬಂದ, ಸಾಕೆಟ್‌ಗೆ ಚುಚ್ಚುವ ಕೇಬಲ್. ಎರಡನೆಯದು ವೈ-ಫೈ ಮತ್ತು ಆ್ಯಪ್ ಇರುವ 7.4 ಕಿಲೋವ್ಯಾಟ್‌ನ ಗೋಡೆ ಪೆಟ್ಟಿಗೆ. ಮೂರನೆಯದೂ ಅಷ್ಟೇ ಶಕ್ತಿಯದು, ಆದರೆ ಮನೆಯ ಒಟ್ಟು ಕರೆಂಟನ್ನು ಅಳೆಯುತ್ತಾ ತನ್ನ ವೇಗವನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ. ಸುಲಭಕ್ಕೆ ಇವನ್ನು ಕೇಬಲ್, ಆ್ಯಪ್ ಪೆಟ್ಟಿಗೆ, ಮೀಟರ್ ಪೆಟ್ಟಿಗೆ ಅಂತ ಕರೆಯುತ್ತೇನೆ. ಒಂದೊಂದನ್ನೂ ಕೆಲವು ತಿಂಗಳು ಬಳಸಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಆ್ಯಪ್ ಎಷ್ಟು ಚೆನ್ನಾಗಿದೆ ಎಂದು ನೋಡಿ ಚಾರ್ಜರ್ ತೆಗೆದುಕೊಳ್ಳಬೇಡಿ. ಇಂಟರ್ನೆಟ್ ಹೋದಾಗ ಅದು ಏನು ಮಾಡುತ್ತದೆ, ಮನೆಯಲ್ಲಿ ಗೀಸರ್ ಹಾಕಿದಾಗ ಏನು ಮಾಡುತ್ತದೆ, ಇವೆರಡನ್ನು ಕೇಳಿ.

ಒಂದು ವಿಷಯ ಮೊದಲೇ ತಿಳಿದಿದ್ದರೆ ಅರ್ಧ ಗೊಂದಲ ಹೋಗುತ್ತದೆ. ನಾವು ಚಾರ್ಜರ್ ಅಂತ ಕರೆಯುವ ಈ ಪೆಟ್ಟಿಗೆ ನಿಜವಾಗಿ ಚಾರ್ಜರ್ ಅಲ್ಲ. ಎಸಿ ಕರೆಂಟನ್ನು ಡಿಸಿ ಮಾಡಿ ಬ್ಯಾಟರಿಗೆ ತುಂಬುವ ಚಾರ್ಜರ್ ಕಾರಿನೊಳಗೇ ಇರುತ್ತದೆ. ಗೋಡೆ ಮೇಲಿನದು ಸುರಕ್ಷತೆ ನೋಡಿಕೊಳ್ಳುವ ಒಂದು ಸ್ವಿಚ್ ಅಷ್ಟೇ. ಒಂದು ಸಣ್ಣ ಸಿಗ್ನಲ್ ತಂತಿಯಲ್ಲಿ ಅದು ಕಾರಿಗೆ 'ಇಷ್ಟು ಆಂಪಿಯರ್‌ವರೆಗೆ ಎಳೆಯಬಹುದು' ಎಂದು ಹೇಳುತ್ತದೆ, ಕಾರು ಆ ಮಿತಿಯೊಳಗೆ ಎಳೆಯುತ್ತದೆ. ಹಾಗಾಗಿ ಕಾರಿನೊಳಗಿನ ಚಾರ್ಜರ್ 7.2 ಕಿಲೋವ್ಯಾಟ್‌ನದಾದರೆ 22 ಕಿಲೋವ್ಯಾಟ್ ಪೆಟ್ಟಿಗೆ ತಂದರೂ ವೇಗ ಒಂದಿಷ್ಟೂ ಹೆಚ್ಚುವುದಿಲ್ಲ. ಅಂಗಡಿಯವರು ಇದನ್ನು ತಾವಾಗಿ ಹೇಳುವುದು ಕಡಿಮೆ.

ವೇಗದಿಂದ ಶುರು ಮಾಡುತ್ತೇನೆ, ಏಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. 230 ವೋಲ್ಟ್‌ನಲ್ಲಿ 10 ಆಂಪಿಯರ್ ಎಳೆಯುವ ಕೇಬಲ್ 2.3 ಕಿಲೋವ್ಯಾಟ್ ಕೊಡುತ್ತದೆ. 32 ಆಂಪಿಯರ್‌ನ ಎರಡೂ ಪೆಟ್ಟಿಗೆಗಳು ಸುಮಾರು 7.4 ಕೊಡುತ್ತವೆ. ನನ್ನ ದಿನದ ಓಡಾಟ ಸುಮಾರು 45 ಕಿಲೋಮೀಟರ್, ಅದಕ್ಕೆ ಬೇಕಾಗುವುದು ಏಳು ಯೂನಿಟ್ ಆಸುಪಾಸು. ಪೆಟ್ಟಿಗೆಯಲ್ಲಿ ಒಂದು ಗಂಟೆ, ಕೇಬಲ್‌ನಲ್ಲಿ ನಾಲ್ಕು ಗಂಟೆಯೊಳಗೆ. ಕಾರು ರಾತ್ರಿಯಿಡೀ ಸುಮ್ನೆ ನಿಂತೇ ಇರುತ್ತದೆ ಅಲ್ವಾ, ಹಾಗಿರುವಾಗ ಎರಡೂ ಒಂದೇ. ಬರೀ ಇಷ್ಟೇ ಓಡಾಟ ಇರುವವರು ಕೇಬಲ್‌ನಲ್ಲೇ ಇರಬಹುದು, ನಿಜವಾಗಿಯೂ. ನನಗೆ ವ್ಯತ್ಯಾಸ ಗೊತ್ತಾಗಿದ್ದು ದೂರದ ಊರಿಂದ ರಾತ್ರಿ ಹನ್ನೊಂದಕ್ಕೆ ಖಾಲಿ ಬ್ಯಾಟರಿಯಲ್ಲಿ ಬಂದು ಬೆಳಿಗ್ಗೆ ಆರಕ್ಕೆ ಮತ್ತೆ ಹೊರಡಬೇಕಾದ ದಿನಗಳಲ್ಲಿ ಮಾತ್ರ.

ಆದರೆ ಕೇಬಲ್ ಬಿಡುವಂತೆ ಮಾಡಿದ್ದು ವೇಗವಲ್ಲ, ಬಿಸಿ. ಮನೆಯ ಸಾಮಾನ್ಯ ಸಾಕೆಟ್ ದಿನಾ ಗಂಟೆಗಟ್ಟಲೆ ಪೂರ್ತಿ ಕರೆಂಟ್ ಹೊರುವ ಕೆಲಸಕ್ಕೆ ಮಾಡಿದ್ದಲ್ಲ. ಇಸ್ತ್ರಿ ಪೆಟ್ಟಿಗೆ ಕಾದು ಆರುತ್ತದೆ, ಗೀಸರ್ ಅರ್ಧ ಗಂಟೆಗೆ ನಿಲ್ಲುತ್ತದೆ, ಕಾರು ಮಾತ್ರ ಬಿಡುವೇ ಇಲ್ಲದೆ ಎಳೆಯುತ್ತಲೇ ಇರುತ್ತದೆ. ಮೂರನೇ ತಿಂಗಳಲ್ಲಿ ನನ್ನ ಸಾಕೆಟ್‌ನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಬಿಚ್ಚಿ ನೋಡಿದರೆ ಹಿಂದೆ ತಂತಿಯ ಸ್ಕ್ರೂ ಸಡಿಲ. ಕೇಬಲ್ ಬಳಸುವವರಿಗೆ ನನ್ನ ಕಳಕಳಿಯ ಮಾತು ಇದು: ಚಾರ್ಜ್ ಆಗುತ್ತಿರುವಾಗ ಒಂದು ಗಂಟೆ ಬಿಟ್ಟು ಪ್ಲಗ್‌ನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಅವತ್ತೇ ನಿಲ್ಲಿಸಿ. ಎಕ್ಸ್‌ಟೆನ್ಷನ್ ಬೋರ್ಡ್ ಅಂತೂ ಬೇಡವೇ ಬೇಡ.

ಆ್ಯಪ್ ಪೆಟ್ಟಿಗೆ ಬಂದ ಮೇಲೆ ಆ ಚಿಂತೆ ಹೋಯಿತು, ಬೇರೆ ಚಿಂತೆ ಬಂತು. ನಮ್ಮ ಮನೆಯ ಮೇನ್ ಬ್ರೇಕರ್ 40 ಆಂಪಿಯರ್‌ನದು. ಕಾರೊಂದೇ 32 ತಿನ್ನುತ್ತದೆ. ಗೀಸರ್‌ಗೆ 9, ಇಂಡಕ್ಷನ್ ಒಲೆಗೆ 8, ಅಲ್ಲಿಗೆ 49. ಬ್ರೇಕರ್ ಇಷ್ಟಕ್ಕೆ ತಕ್ಷಣ ಬೀಳುವುದಿಲ್ಲ, ಒಳಗೆ ನಿಧಾನಕ್ಕೆ ಬಿಸಿಯಾಗಿ ಬೀಳುತ್ತದೆ. ಅದಕ್ಕೇ ಮೊದಲ ಸಲ ನಮಗೆ ಕಾರಣವೇ ಹೊಳೆಯಲಿಲ್ಲ, ಎಲ್ಲ ಹಾಕಿ ಅರ್ಧ ಗಂಟೆ ಚೆನ್ನಾಗೇ ನಡೆದು ಆಮೇಲೆ ಮನೆಯೆಲ್ಲ ಕತ್ತಲಾಯಿತು. ಆ್ಯಪ್‌ನಲ್ಲಿ ಕರೆಂಟನ್ನು 16ಕ್ಕೆ ಇಳಿಸಿಕೊಂಡೆ, ತೊಂದರೆ ನಿಂತಿತು. ಆದರೆ 32ರ ಪೆಟ್ಟಿಗೆ ತಂದು 16ರಲ್ಲಿ ಓಡಿಸುವುದಕ್ಕೆ ಅಷ್ಟು ಖರ್ಚು ಯಾಕೆ ಬೇಕಿತ್ತು?

ಮೀಟರ್ ಪೆಟ್ಟಿಗೆ ಗೆದ್ದಿದ್ದು ಇಲ್ಲೇ. ಮನೆಗೆ ಬರುವ ಮುಖ್ಯ ತಂತಿಯ ಸುತ್ತ ಒಂದು ಸಣ್ಣ ಬಳೆಯಂಥ ಕ್ಲ್ಯಾಂಪ್ ಹಾಕುತ್ತಾರೆ, ಅದಕ್ಕೆ ಸಿಟಿ ಕ್ಲ್ಯಾಂಪ್ ಎನ್ನುತ್ತಾರೆ. ಮನೆ ಒಟ್ಟು ಎಷ್ಟು ಎಳೆಯುತ್ತಿದೆ ಎಂದು ಅದು ಪೆಟ್ಟಿಗೆಗೆ ಹೇಳುತ್ತಿರುತ್ತದೆ. ಗೀಸರ್ ಹಾಕಿದರೆ ಕೆಲವೇ ಸೆಕೆಂಡುಗಳಲ್ಲಿ ಕಾರಿನ ಪಾಲು 32ರಿಂದ 25ಕ್ಕೋ 22ಕ್ಕೋ ಇಳಿಯುತ್ತದೆ, ಗೀಸರ್ ಆರಿಸಿದರೆ ಮತ್ತೆ ಏರುತ್ತದೆ. ಉಳಿದಿರುವುದು 6 ಆಂಪಿಯರ್‌ಗಿಂತ ಕಡಿಮೆಯಾದರೆ ಚಾರ್ಜಿಂಗ್ ಪೂರ್ತಿ ನಿಲ್ಲುತ್ತದೆ, ಏಕೆಂದರೆ 6ಕ್ಕಿಂತ ಕೆಳಗಿನ ಸಂಖ್ಯೆಯನ್ನು ಕಾರಿಗೆ ಹೇಳಲು ಆ ಸಿಗ್ನಲ್‌ನ ನಿಯಮದಲ್ಲೇ ಅವಕಾಶವಿಲ್ಲ. ಇದನ್ನು ಹಾಕಿ ಒಂಬತ್ತು ತಿಂಗಳಾಯಿತು, ಮೇನ್ ಒಮ್ಮೆಯೂ ಬಿದ್ದಿಲ್ಲ. ಮನೆಯವರಿಗೆ ಕಾರು ಚಾರ್ಜ್‌ಗೆ ಹಾಕಿದ್ದೇನೋ ಇಲ್ಲವೋ ಎಂದು ಯೋಚಿಸುವ ಅಗತ್ಯವೇ ಇಲ್ಲ. ನನ್ನ ಲೆಕ್ಕದಲ್ಲಿ ಸ್ಮಾರ್ಟ್ ಅಂದರೆ ಇದು.

ಇದನ್ನು ಹಾಕಿಸುವಾಗ ಒಂದು ಕಡೆ ಕಣ್ಣಿಡಿ. ಕ್ಲ್ಯಾಂಪ್ ಮೇಲೆ ಬಾಣದ ಗುರುತು ಇರುತ್ತದೆ. ನಮ್ಮಲ್ಲಿ ಅದನ್ನು ಉಲ್ಟಾ ಹಾಕಿದ್ದರು. ಚಾವಣಿಯ ಸೋಲಾರ್ ಕರೆಂಟ್ ಹೊರಗೆ ಹೋಗುತ್ತಿದ್ದರೆ ಪೆಟ್ಟಿಗೆ ಅದನ್ನು ಮನೆಯ ಬಳಕೆ ಎಂದು ಓದುತ್ತಿತ್ತು, ಮಟಮಟ ಮಧ್ಯಾಹ್ನ ಚಾರ್ಜಿಂಗ್ ನಿಲ್ಲಿಸಿ ಕೂರುತ್ತಿತ್ತು. ತಿರುಗಿಸಿ ಹಾಕಿದ ಮೇಲೆ ಸರಿಹೋಯಿತು.

ಇನ್ನು ಇಂಟರ್ನೆಟ್ ಹೋದಾಗಿನ ಕಥೆ. ಆ್ಯಪ್ ಪೆಟ್ಟಿಗೆಯಲ್ಲಿ ರಾತ್ರಿ ಹನ್ನೆರಡಕ್ಕೆ ಶುರುವಾಗುವಂತೆ ಟೈಮರ್ ಇಟ್ಟಿದ್ದೆ. ಆ ಟೈಮರ್ ಪೆಟ್ಟಿಗೆಯೊಳಗೆ ಇರಲಿಲ್ಲ, ಕಂಪನಿಯ ಸರ್ವರ್‌ನಲ್ಲಿತ್ತು. ಇದು ನನಗೆ ಗೊತ್ತಾಗಿದ್ದು ಒಂದು ರಾತ್ರಿ ವೈ-ಫೈ ಹೋಗಿ ಬೆಳಿಗ್ಗೆ ಕಾರು 18 ಪರ್ಸೆಂಟ್‌ನಲ್ಲೇ ನಿಂತಿದ್ದಾಗ. ಆಸ್ಪತ್ರೆಗೆ ಹೊರಡಬೇಕಿತ್ತು, ಬೇರೆ ಗಾಡಿ ಹುಡುಕಬೇಕಾಯಿತು. ಕಂಪನಿಗೆ ಬರೆದರೆ ರೂಟರ್ ಹತ್ತಿರ ಇಡಿ ಎಂಬ ಉತ್ತರ ಬಂತು. ಅದು ಉತ್ತರವೇ ಅಲ್ಲ. ಗೋಡೆಗೆ ಬಡಿದ ಪೆಟ್ಟಿಗೆಯನ್ನು ಎಲ್ಲಿಗೆ ಇಡುವುದು? ಇಂಥ ಎಷ್ಟೋ ಪೆಟ್ಟಿಗೆಗಳು 2.4 ಗಿಗಾಹರ್ಟ್ಸ್ ವೈ-ಫೈ ಮಾತ್ರ ಹಿಡಿಯುತ್ತವೆ, ನಡುವೆ ಎರಡು ಕಾಂಕ್ರೀಟ್ ಗೋಡೆ ಬಂದರೆ ಸಿಗ್ನಲ್ ಸಾಯುತ್ತದೆ. ಮೀಟರ್ ಪೆಟ್ಟಿಗೆ ಟೈಮರನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ನಾನು ಬೇಕೆಂದೇ ರೂಟರ್ ಆಫ್ ಮಾಡಿ ಮೂರು ರಾತ್ರಿ ಪರೀಕ್ಷಿಸಿದೆ, ಮೂರು ರಾತ್ರಿಯೂ ಸರಿಯಾದ ಹೊತ್ತಿಗೆ ಶುರುವಾಯಿತು. ಕೊಳ್ಳುವ ಮುಂಚೆ ಮಾರುವವರ ಎದುರೇ ವೈ-ಫೈ ತೆಗೆಸಿ ನೋಡಿ, ನಾಚಿಕೊಳ್ಳಬೇಡಿ.

ಟೈಮರ್ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಕಾರಿನಲ್ಲೂ ಟೈಮರ್ ಇರುತ್ತದೆ, ಪೆಟ್ಟಿಗೆಯಲ್ಲೂ ಇರುತ್ತದೆ. ಎರಡನ್ನೂ ಹಾಕಿದರೆ ಕೆಲವೊಮ್ಮೆ ಯಾವುದೂ ಕೆಲಸ ಮಾಡುವುದಿಲ್ಲ, ಪೆಟ್ಟಿಗೆ ಕರೆಂಟ್ ಕೊಡಲು ಸಿದ್ಧವಾಗಿರುವ ಹೊತ್ತಿಗೆ ಕಾರು ಬೇಡ ಎನ್ನುತ್ತದೆ, ಕಾರಿಗೆ ಬೇಕಾದಾಗ ಪೆಟ್ಟಿಗೆಯ ಸಮಯ ಮುಗಿದಿರುತ್ತದೆ. ಒಂದರಲ್ಲಿ ಮಾತ್ರ ಇಡಿ. ಕೇಬಲ್ ಬಳಸುತ್ತಿದ್ದಾಗ ನಾನು ಕಾರಿನ ಟೈಮರನ್ನೇ ನಂಬಿದ್ದೆ, ಒಂದು ದಿನವೂ ಕೈಕೊಟ್ಟಿಲ್ಲ. ಹಾಗೆ ನೋಡಿದರೆ, ಕಾರಿನ ಟೈಮರ್ ಚೆನ್ನಾಗಿದ್ದರೆ ಟೈಮರ್‌ಗಾಗಿ ಸ್ಮಾರ್ಟ್ ಪೆಟ್ಟಿಗೆ ಬೇಕೇ ಇಲ್ಲ.

ಹಾಗೇ ಆ್ಯಪ್‌ನಲ್ಲಿ '80 ಪರ್ಸೆಂಟ್‌ಗೆ ನಿಲ್ಲಿಸು' ಎಂಬ ಬಟನ್ ನೋಡಿ ಮರುಳಾಗಬೇಡಿ. ಆ ಸಣ್ಣ ಸಿಗ್ನಲ್ ತಂತಿಯಲ್ಲಿ ಬ್ಯಾಟರಿ ಎಷ್ಟು ತುಂಬಿದೆ ಎಂಬ ಸುದ್ದಿ ಬರುವುದೇ ಇಲ್ಲ. ಪೆಟ್ಟಿಗೆ ನಿಮ್ಮ ಕಾರಿನ ಖಾತೆಯೊಳಗೆ ಹೋಗಿ ನೋಡಬೇಕು, ಇಲ್ಲವೇ ಎಷ್ಟು ಯೂನಿಟ್ ಕೊಟ್ಟೆ ಎಂದು ಎಣಿಸಿ ಅಂದಾಜು ಮಾಡಬೇಕು. ಆ್ಯಪ್ ಪೆಟ್ಟಿಗೆಯ ಅಂದಾಜು ನನ್ನಲ್ಲಿ ನಾಲ್ಕೈದು ಪರ್ಸೆಂಟ್ ಆಚೀಚೆ ಆಗುತ್ತಿತ್ತು. ಮಿತಿಯನ್ನು ಕಾರಿನಲ್ಲೇ ಇಡುವುದು ಒಳ್ಳೆಯದು.

ಸೋಲಾರ್ ಇರುವವರಿಗೆ ಮೀಟರ್ ಪೆಟ್ಟಿಗೆಯ ಇನ್ನೊಂದು ಲಾಭ ಇದೆ. ಮನೆಗೆ ಬೇಕಾಗಿ ಉಳಿದ ಬಿಸಿಲಿನ ಕರೆಂಟನ್ನು ಮಾತ್ರ ಕಾರಿಗೆ ಹಾಕುವಂತೆ ಇಡಬಹುದು. ಸಿಂಗಲ್ ಫೇಸ್‌ನಲ್ಲಿ 6 ಆಂಪಿಯರ್ ಅಂದರೆ 1.4 ಕಿಲೋವ್ಯಾಟ್ ಹತ್ತಿರ, ಅಷ್ಟು ಉಳಿದರೆ ಸಾಕು. ತ್ರೀ ಫೇಸ್ ಆದರೆ ಕನಿಷ್ಠ 4.1 ಕಿಲೋವ್ಯಾಟ್ ಬೇಕಾಗುತ್ತದೆ, ಸಣ್ಣ ಸೋಲಾರ್ ಇರುವ ಮನೆಯಲ್ಲಿ ಅದು ಕಷ್ಟ, ಹಾಗಾಗಿ ಒಂದು ಫೇಸ್‌ಗೆ ತಾನೇ ಇಳಿಯುವ ಪೆಟ್ಟಿಗೆಯನ್ನೇ ನೋಡಿ. ಮೋಡ ಬಂದು ಹೋಗುವ ದಿನ ಅದು ಪದೇ ಪದೇ ನಿಂತು ಶುರುವಾಗುತ್ತದೆ, ಒಳಗಿನ ರಿಲೇ ಟಕ್ ಟಕ್ ಎನ್ನುತ್ತಿರುತ್ತದೆ. ನಿಲ್ಲಿಸುವ ಮುಂಚೆ ಹತ್ತು ನಿಮಿಷ ಕಾಯುವಂತೆ ಸೆಟ್ಟಿಂಗ್ ಬದಲಿಸಿದೆ, ಈಗ ಶಾಂತವಾಗಿದೆ.

ಒಂದು ಅಳತೆ ನನ್ನನ್ನೇ ಬೆರಗುಗೊಳಿಸಿತು. ಚಾರ್ಜ್ ಆಗುವಾಗ ಕಾರಿನ ಕಂಪ್ಯೂಟರ್, ಪಂಪ್ ಎಲ್ಲ ಎಚ್ಚರವಾಗಿದ್ದು ಒಂದಿಷ್ಟು ಕರೆಂಟ್ ತಿನ್ನುತ್ತವೆ, ವೇಗ ಎಷ್ಟೇ ಇರಲಿ ಅದು ಹೆಚ್ಚುಕಡಿಮೆ ಅಷ್ಟೇ. ನಿಧಾನಕ್ಕೆ ಚಾರ್ಜ್ ಮಾಡಿದರೆ ಅವು ಜಾಸ್ತಿ ಹೊತ್ತು ತಿನ್ನುತ್ತವೆ. ಬ್ಯಾಟರಿಗೆ 12 ಯೂನಿಟ್ ತುಂಬಲು 6 ಆಂಪಿಯರ್‌ನಲ್ಲಿ ಮೀಟರ್ 15.5 ದಾಟಿತು, 32ರಲ್ಲಿ 13.5 ಆಸುಪಾಸು. ನಿಧಾನವಾಗಿ ಹಾಕಿದರೆ ಉಳಿತಾಯ ಎಂದುಕೊಂಡಿದ್ದೆ, ಉಲ್ಟಾ. ಬಿಸಿಲಿನ ಕರೆಂಟ್ ಆದರೆ ಈ ನಷ್ಟಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ರಾತ್ರಿ ಹಾಕುವಾಗ ಮಾತ್ರ 6ರಲ್ಲಿ ಹಾಕುವುದಿಲ್ಲ.

ಚಿಕ್ಕ ವಿಷಯಗಳು ಕೆಲವು. ಆ್ಯಪ್ ಪೆಟ್ಟಿಗೆಯ ತಂತಿ 5 ಮೀಟರ್, ಕಾರು ಹಿಂದುಮುಂದಾಗಿ ನಿಂತರೆ ಎಟುಕುತ್ತಿರಲಿಲ್ಲ. ಮೀಟರ್ ಪೆಟ್ಟಿಗೆಯದು 7 ಮೀಟರ್, ಸಾಕಷ್ಟಾಯಿತು. ಸುಮ್ನೆ ಇದ್ದಾಗಲೂ ಇವು ಕರೆಂಟ್ ಬಳಸುತ್ತವೆ, 4 ವ್ಯಾಟ್ ಅಂದರೂ ವರ್ಷಕ್ಕೆ 35 ಯೂನಿಟ್. ಕಂಪನಿ ಮುಚ್ಚಿದರೆ ಪೆಟ್ಟಿಗೆಯ ಗತಿ ಏನು ಎಂಬುದಕ್ಕೆ ಒಸಿಪಿಪಿ ಇದೆಯೇ ಎಂದು ಕೇಳಿ. ಅದು ಯಾರು ಬೇಕಾದರೂ ಬಳಸಬಹುದಾದ ಭಾಷೆ, ಇದ್ದರೆ ಪೆಟ್ಟಿಗೆಯನ್ನು ಬೇರೆ ಸಾಫ್ಟ್‌ವೇರ್‌ಗೆ ಜೋಡಿಸಿಕೊಳ್ಳಬಹುದು. 1.6 ಆವೃತ್ತಿ ಇದ್ದರೂ ಮನೆಗೆ ಸಾಕು. ನನ್ನ ಆ್ಯಪ್ ಪೆಟ್ಟಿಗೆಯಲ್ಲಿ ಅದು ಇರಲಿಲ್ಲ.

ಯಾವುದನ್ನೇ ತೆಗೆದುಕೊಳ್ಳಿ, ವೈರಿಂಗ್‌ನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಪೆಟ್ಟಿಗೆಗೆ ಮೇನ್ ಬೋರ್ಡಿನಿಂದ ಬೇರೆಯದೇ ಲೈನ್ ಇರಲಿ. 32 ಆಂಪಿಯರ್‌ಗೆ ನಮ್ಮಲ್ಲಿ 6 ಚದರ ಮಿಲಿಮೀಟರ್ ತಾಮ್ರದ ತಂತಿ ಹಾಕಿದ್ದಾರೆ, ದೂರ ಜಾಸ್ತಿ ಇದ್ದರೆ 10 ಬೇಕಾಗಬಹುದು. ಅರ್ಥಿಂಗ್ ಅಳೆಸಿ. 30 ಮಿಲಿ ಆಂಪಿಯರ್‌ನ ಲೀಕೇಜ್ ಬ್ರೇಕರ್ ಇರಲಿ, ಜೊತೆಗೆ ಪೆಟ್ಟಿಗೆಯೊಳಗೆ 6 ಮಿಲಿ ಆಂಪಿಯರ್ ಡಿಸಿ ಸೋರಿಕೆ ಹಿಡಿಯುವ ವ್ಯವಸ್ಥೆ ಇದೆಯೇ ನೋಡಿ, ಇಲ್ಲದಿದ್ದರೆ ಹೊರಗೆ ಟೈಪ್ ಬಿ ಲೀಕೇಜ್ ಬ್ರೇಕರ್ ಬೇಕು, ಏಕೆಂದರೆ ಡಿಸಿ ಸೋರಿಕೆ ಸಾಮಾನ್ಯ ಲೀಕೇಜ್ ಬ್ರೇಕರನ್ನು ಕುರುಡು ಮಾಡಬಲ್ಲದು. ಸ್ಕ್ರೂಗಳನ್ನು ಕೆಲವು ತಿಂಗಳ ನಂತರ ಎಲೆಕ್ಟ್ರಿಷಿಯನ್ ಹತ್ತಿರ ಮತ್ತೆ ಬಿಗಿ ಮಾಡಿಸಿದೆ, ಒಂದು ಕಾಲು ಸುತ್ತು ತಿರುಗಿತು.

ಈಗ ಗೋಡೆ ಮೇಲಿರುವುದು ಮೀಟರ್ ಪೆಟ್ಟಿಗೆ. ಕೇಬಲ್ ಡಿಕ್ಕಿಯಲ್ಲಿದೆ, ನೆಂಟರ ಮನೆಗೆ ಹೋದಾಗ ಬೇಕಾಗುತ್ತದೆ. ಆ್ಯಪ್ ಪೆಟ್ಟಿಗೆಯನ್ನು ತಂಗಿ ತೆಗೆದುಕೊಂಡು ಹೋದಳು. ಅವಳ ಮನೆಯ ಮೇನ್ 63 ಆಂಪಿಯರ್‌ನದು, ರೂಟರ್ ಇರುವುದು ಕಾರ್ ನಿಲ್ಲಿಸುವ ಜಾಗದ ಪಕ್ಕದ ಕೋಣೆಯಲ್ಲೇ. ಆರು ತಿಂಗಳಾಯಿತು, ಅವಳಿಂದ ಇನ್ನೂ ಒಂದು ದೂರೂ ಬಂದಿಲ್ಲ.