ರಸ್ಟ್ ಕಂಪೈಲರ್‌ನ ದೋಷಸಂದೇಶಗಳು: ದೀರ್ಘಕಾಲದ ಬಳಕೆಯ ನಂತರ

ಸಿ ಪ್ಲಸ್ ಪ್ಲಸ್‌ನಲ್ಲಿ ಬಹುಕಾಲ ಕೆಲಸ ಮಾಡಿ, ಕೆಲವು ವರ್ಷಗಳಿಂದ ಹೆಚ್ಚಾಗಿ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಬರೆಯುತ್ತಿರುವ ನಾನು, ಆ ಭಾಷೆಯ ವೇಗಕ್ಕಿಂತಲೂ ಅದರ ಕಂಪೈಲರ್ (ನಾವು ಬರೆದ ಕೋಡನ್ನು ಪರಿಶೀಲಿಸಿ ಯಂತ್ರಭಾಷೆಗೆ ಇಳಿಸುವ ಪ್ರೋಗ್ರಾಂ) ನೀಡುವ ದೋಷಸಂದೇಶಗಳನ್ನು ಹೆಚ್ಚು ನೆಚ್ಚಿಕೊಂಡಿದ್ದೇನೆ.

ಈಗಿನ ಸಂದೇಶಗಳ ರೂಪ 2016ರಲ್ಲಿ 1.12ನೆಯ ಆವೃತ್ತಿಯೊಂದಿಗೆ ಬಂದಿತು. ತಪ್ಪು ಬಯಲಾದ ಸಾಲಿನ ಜೊತೆಗೆ ಅದಕ್ಕೆ ಕಾರಣವಾದ ಸಾಲನ್ನೂ ತೋರಿಸುವುದೇ ಇದರ ಹೆಚ್ಚುಗಾರಿಕೆ. ರಸ್ಟ್‌ನಲ್ಲಿ ಪ್ರತಿ ಮೌಲ್ಯಕ್ಕೂ ಒಂದು ಸಲಕ್ಕೆ ಒಬ್ಬನೇ ಒಡೆಯ; ಹಾಗಾಗಿ ಒಂದು ಸ್ಟ್ರಿಂಗನ್ನು (ಪಠ್ಯದ ತುಣುಕನ್ನು) ಫಂಕ್ಷನ್‌ಗೆ ಒಪ್ಪಿಸಿದ ಮೇಲೆ ಅದನ್ನೇ ಮತ್ತೆ ಮುದ್ರಿಸಲು ಹೋದರೆ ಇ0382 ಎಂಬ ದೋಷ ಬರುತ್ತದೆ. ಆಗ ಕಂಪೈಲರ್, ಆ ವೇರಿಯಬಲ್ ಎಲ್ಲಿ ಹುಟ್ಟಿತು, ಅದರ ಒಡೆತನ ಯಾವ ಸಾಲಿನಲ್ಲಿ ಕೈಬದಲಾಯಿತು, ಆಮೇಲೆ ಅದನ್ನು ಎಲ್ಲಿ ಬಳಸಲಾಗಿದೆ ಎಂಬ ಮೂರನ್ನೂ ನಮ್ಮದೇ ಕೋಡಿನ ಸಾಲುಗಳ ಕೆಳಗೆ ಗುರುತಿಸುತ್ತದೆ. ಒಡೆತನ ಬೇಡವಾದರೆ ಫಂಕ್ಷನ್‌ನ ಪ್ಯಾರಾಮೀಟರನ್ನು ರೆಫರೆನ್ಸ್ (ಒಡೆತನವಿಲ್ಲದ ಎರವಲು) ಆಗಿಸಬಹುದೆಂದು ಟಿಪ್ಪಣಿ ಹಾಕಿ, ಕ್ಲೋನ್ ಮಾಡುವ, ಅಂದರೆ ನಕಲು ತೆಗೆಯುವ, ದಾರಿಯನ್ನೂ ಸೂಚಿಸುತ್ತದೆ. (ಹೊಸಬರು ಟಿಪ್ಪಣಿಯನ್ನು ದಾಟಿ ನೇರವಾಗಿ ಕ್ಲೋನ್‌ಗೆ ಕೈಹಾಕುವುದನ್ನು ಕೋಡ್ ಪರಿಶೀಲನೆಯಲ್ಲಿ ಮತ್ತೆ ಮತ್ತೆ ಕಾಣುತ್ತೇನೆ, ಪ್ರೋಗ್ರಾಂ ಕಂಪೈಲ್ ಆಗುತ್ತದೆ, ಬೇಡದ ನಕಲುಗಳು ಮಾತ್ರ ಉಳಿದುಬಿಡುತ್ತವೆ.) ದೋಷದ ಸಂಖ್ಯೆಯನ್ನು ಎಕ್ಸ್‌ಪ್ಲೇನ್ ಆಯ್ಕೆಗೆ ಕೊಟ್ಟರೆ ಉದಾಹರಣೆ ಸಮೇತ ವಿವರಣೆ ಟರ್ಮಿನಲ್‌ನಲ್ಲೇ ಸಿಗುತ್ತದೆ.

ಟ್ರೇಟ್‌ಗಳ (ಒಂದು ಟೈಪ್, ಅಂದರೆ ದತ್ತಾಂಶದ ಬಗೆ, ಏನೇನು ಮಾಡಬಲ್ಲದೆಂದು ಹೇಳುವ ಕರಾರುಗಳ) ವಿಷಯಕ್ಕೆ ಬಂದರೆ ಈ ಸ್ಪಷ್ಟತೆ ಉಳಿಯುವುದಿಲ್ಲ. ಇಟರೇಟರ್‌ಗಳನ್ನೋ (ಮೌಲ್ಯಗಳನ್ನು ಒಂದೊಂದಾಗಿ ಕೊಡುವವು) ಅಸಿಂಕ್ ಫಂಕ್ಷನ್‌ಗಳನ್ನೋ (ಕಾಯಬೇಕಾದಲ್ಲಿ ಬೇರೆ ಕೆಲಸಕ್ಕೆ ಎಡೆಕೊಡುವವು) ಉದ್ದಕ್ಕೆ ಪೋಣಿಸಿದಾಗ, ಬೇಕಾದ ಟ್ರೇಟ್ ಟೈಪ್‌ಗಿಲ್ಲವೆಂದು ಬರುವ ಇ0277 ದೋಷದಲ್ಲಿ, ನಾವು ಎಂದೂ ಬರೆಯದ, ಒಂದರೊಳಗೊಂದು ಹೆಣೆದುಕೊಂಡ ಟೈಪ್‌ಗಳ ಹೆಸರುಗಳು ಎದುರಾಗುತ್ತವೆ. ಹೆಸರು ತೀರ ಉದ್ದವಾದರೆ ಕಂಪೈಲರ್ ಅದನ್ನು ಮೊಟಕುಗೊಳಿಸಿ ಪೂರ್ಣರೂಪವನ್ನು ಬೇರೊಂದು ಫೈಲಿನಲ್ಲಿ ಬರೆದಿಡುತ್ತದೆ. ಪರದೆ ಹಗುರವಾಗುತ್ತದೆಯೇ ಹೊರತು ಅರ್ಥ ತಿಳಿಯಾಗುವುದಿಲ್ಲ. 2024ರ ಮೇ ತಿಂಗಳಲ್ಲಿ ಬಂದ 1.78ನೆಯ ಆವೃತ್ತಿಯಿಂದ ಲೈಬ್ರರಿ ಬರೆಯುವವರು ಇಂಥ ದೋಷಗಳಿಗೆ ತಮ್ಮದೇ ಮಾತಿನಲ್ಲಿ ಸಂದೇಶ ಕೊಡಲು ಅವಕಾಶವಿದೆ. ನನ್ನ ದೃಷ್ಟಿಯಲ್ಲಿ ಇದು ಸರಿಯಾದ ಪರಿಹಾರ, ಏಕೆಂದರೆ ಬಳಕೆದಾರ ಏನನ್ನು ಮರೆತಿರಬಹುದೆಂಬುದನ್ನು ಕಂಪೈಲರ್‌ಗಿಂತ ಲೈಬ್ರರಿಯ ಕರ್ತೃವೇ ಚೆನ್ನಾಗಿ ಬಲ್ಲ.

ಆವರಣ ಮುಚ್ಚದಿದ್ದಾಗ ಬರುವ ಸಂದೇಶವೂ ಉಲ್ಲೇಖಾರ್ಹ. ದೋಷ ಪತ್ತೆಯಾಗುವುದು ಫೈಲಿನ ಕೊನೆಯಲ್ಲಾದರೂ, ಕಂಪೈಲರ್ ಸಾಲುಗಳ ಇಂಡೆಂಟೇಶನ್ (ಆರಂಭದಲ್ಲಿ ಬಿಟ್ಟ ಜಾಗ) ಹೋಲಿಸಿ, ಹೊಂದದ ಆವರಣ ಯಾವುದಿರಬಹುದೆಂದು ಊಹಿಸಿ ತೋರಿಸುತ್ತದೆ. ಕೋಡ್ ಅಡ್ಡಾದಿಡ್ಡಿಯಾಗಿದ್ದರೆ ಈ ಊಹೆ ದಾರಿತಪ್ಪುವುದರಿಂದ, ಫೈಲ್ ಉಳಿಸಿದಾಗಲೆಲ್ಲ ಕೋಡನ್ನು ಓರಣಗೊಳಿಸುವ ರಸ್ಟ್‌ಫಾರ್ಮ್ಯಾಟ್ ತಾನಾಗಿಯೇ ಓಡುವಂತೆ ಎಡಿಟರನ್ನು ಹೊಂದಿಸಿಕೊಳ್ಳುವುದು ಒಳ್ಳೆಯದು.